ಪಣಂಬೂರಿನ ಬಿಳಿ ಕಾಳು

ನಮ್ಮ ಮನೆಗೆ ಮಂಗಳೂರಿನಿಂದ ಬಂದ ವಸ್ತು ಎರಡು. ಅಜ್ಜನ ಕಾಲದಲ್ಲಿ ಪಡಸಾಲೆಗೆ ಹೊದಿಸಿದ ಕೆಂಪು ಹಂಚು ಒಂದು. ಅಪ್ಪನ ಕಾಲದಲ್ಲಿ ಅದೇ ಪಡಸಾಲೆಯ ಮೂಲೆಯಲ್ಲಿ ಒಟ್ಟುತ್ತಿದ್ದ ಯೂರಿಯಾ ಚೀಲ ಇನ್ನೊಂದು. ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಿನಲ್ಲಿ ಸಮುದ್ರ ಕಂಡವರು ಬೆರಳೆಣಿಕೆಯಷ್ಟು ಮಂದಿ. ಆದರೂ ಹಂಚು ಒಡೆದರೆ ಮಂಗಳೂರಿನದೇ ಬೇಕು, ಹತ್ತಿಯ ಎಲೆ ಹಳದಿಗೆ ತಿರುಗಿದರೆ ಮಂಗಳೂರಿನ ಕಾಳೇ ಬೇಕು ಎನ್ನುವಷ್ಟು ಆ ಊರಿನ ಹೆಸರು ಎಲ್ಲರ ಬಾಯಲ್ಲಿತ್ತು. ಚೀಲದ ಮೇಲೆ ‘ಮಂಗಳ’ ಎಂದು ಅಚ್ಚಾಗಿರುತ್ತಿತ್ತು. ಅಕ್ಷರ ಬಾರದ ನಮ್ಮಜ್ಜಿ ಕೂಡ ಆ ಅಚ್ಚಿನ ಗುರುತು ಹಿಡಿದು ಚೀಲ ಆರಿಸುತ್ತಿದ್ದಳು.

ಅಪ್ಪ ಹತ್ತಿ ಬೆಳೆದವರು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ನಮ್ಮ ಸೀಮೆಯ ಬದುಕನ್ನೇ ತಿರುಗಿಸಿತ್ತು. ಹಳೆಯ ಜವಾರಿ ಹತ್ತಿ ತಿಪ್ಪೆಗೊಬ್ಬರ ಕೊಟ್ಟರೂ ಬೆಳೆಯುತ್ತಿತ್ತು, ಕೊಡದಿದ್ದರೂ ಅಷ್ಟಿಷ್ಟು ಬೆಳೆಯುತ್ತಿತ್ತು. ಹೈಬ್ರಿಡ್ ಹಾಗಲ್ಲ, ಕೊಟ್ಟರೆ ಕೊಡುತ್ತೇನೆ ಎನ್ನುವ ಜಾತಿ. ತಿಪ್ಪೆಯದನ್ನು ‘ಮನಿ ಗೊಬ್ಬರ’ ಎಂದೂ ಸೊಸೈಟಿಯಿಂದ ತಂದದ್ದನ್ನು ‘ಸರ್ಕಾರಿ ಗೊಬ್ಬರ’ ಎಂದೂ ಕರೆಯುತ್ತಿದ್ದರು. ಎಡೆ ಹೊಡೆದ ಮೇಲೆ, ಹದವಾದ ಮಳೆ ಬಿದ್ದ ಮರುದಿನ, ಅವ್ವ ಮತ್ತು ಅತ್ತೆಯಂದಿರು ಸೊಂಟಕ್ಕೆ ಸೀರೆಯ ಮಡಿಲು ಕಟ್ಟಿಕೊಂಡು ಸಾಲು ಹಿಡಿಯುತ್ತಿದ್ದರು. ಗಿಡದ ಬುಡದಿಂದ ನಾಲ್ಕು ಬೆರಳು ದೂರ, ಮೂರು ಬೆರಳಿನ ಚಿವುಟಿಗೆ ಸಿಕ್ಕಷ್ಟು ಬಿಳಿ ಕಾಳು, ಮೇಲೆ ಕಾಲಿನಿಂದ ಮಣ್ಣು. ವಾರ ಕಳೆಯುವುದರೊಳಗೆ ಹೊಲ ಕಪ್ಪು ಹಸಿರಾಗುತ್ತಿತ್ತು. ಅಪ್ಪ ಬದುವಿನ ಮೇಲೆ ನಿಂತು ಅದನ್ನು ನೋಡುತ್ತಿದ್ದ ರೀತಿ ಇವತ್ತಿಗೂ ನನ್ನ ಕಣ್ಣಲ್ಲಿದೆ.

ಖಾಲಿ ಚೀಲಕ್ಕೂ ಮನೆಯಲ್ಲಿ ದೊಡ್ಡ ಬದುಕಿತ್ತು. ಒಂದು ಮೂಲೆಯನ್ನು ಒಳಗೆ ಮಡಚಿದರೆ ಮಳೆಗೆ ಕೊಪ್ಪೆ. ನಾಲ್ಕು ಚೀಲ ಬಿಚ್ಚಿ ಹೊಲಿದರೆ ರಾಶಿಗೆ ಹಾಸು. ನನ್ನ ಪುಸ್ತಕದ ಚೀಲವೂ ಅದರದೇ. ಅವ್ವ ದಬ್ಬಣದಲ್ಲಿ ಹೊಲಿದು ಹಿಡಿಕೆ ಹಚ್ಚಿದ್ದಳು. ಅದರ ಮೇಲಿನ ಅಕ್ಷರಗಳನ್ನು ಮತ್ತೆ ಮತ್ತೆ ಓದುತ್ತಿದ್ದೆ: ಸಾರಜನಕ ಶೇಕಡಾ 46. ಆ ಸಂಖ್ಯೆಯ ಅರ್ಥ ತಿಳಿಯಲು ನಾನು ಘಟ್ಟ ಇಳಿಯಬೇಕಾಯಿತು.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಸುರತ್ಕಲ್ಲಿನ ಕೆ.ಆರ್.ಇ.ಸಿ.ಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಕಾಗದ ಬಂದ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ತಮ್ಮಾ, ಸುರತ್ಕಲ್ ಅಂದ್ರ ಆ ಗೊಬ್ಬರದ ಫ್ಯಾಕ್ಟರಿ ಬಾಜೂಕೇನು?”

ಬಾಜೂಕೇ ಇತ್ತು. ಮಂಗಳೂರಿನಿಂದ ಉಡುಪಿಯ ಕಡೆ ಹೊರಟ ಬಸ್ಸು ಕೂಳೂರಿನಲ್ಲಿ ಗುರುಪುರ ಹೊಳೆಯ ಸೇತುವೆ ದಾಟಿದರೆ ಪಣಂಬೂರು. ಅಲ್ಲಿಯವರೆಗೆ ತೆಂಗು, ಹಂಚಿನ ಮಾಡು, ಹೊಳೆಯ ನೀರು. ಅಲ್ಲಿಂದ ಮುಂದೆ ಕೊಳವೆ, ಟ್ಯಾಂಕು, ಚಿಮಣಿ. ಎಲ್ಲಕ್ಕಿಂತ ಎತ್ತರಕ್ಕೆ ಯೂರಿಯಾ ಘಟಕದ ಗೋಪುರ. ಕಂಡಕ್ಟರು “ಎಂ.ಸಿ.ಎಫ್., ಎಂ.ಸಿ.ಎಫ್.” ಎಂದು ಕೂಗುತ್ತಿದ್ದ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಎಂಬ ಉದ್ದ ಹೆಸರು ಆ ಊರಿನ ಬಾಯಲ್ಲಿ ಮೂರು ಅಕ್ಷರವಾಗಿತ್ತು. ರಾತ್ರಿ ಹೊತ್ತು ಊರಿನಿಂದ ಹಿಂದಿರುಗುವಾಗ ಕಿಟಕಿಯಿಂದ ಮೊದಲು ಕಾಣುತ್ತಿದ್ದದ್ದು ಅದರ ದೀಪಗಳೇ. ಪಣಂಬೂರಿನ ಕಡಲ ದಂಡೆಯಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ ಹಿರಿಯರೊಬ್ಬರು, ಕಡಲೊಳಗಿನಿಂದ ಮರಳುವಾಗ ಹಿಂದೆ ತೆಂಗಿನ ಸಾಲು, ಗುಡ್ಡದ ನೆತ್ತಿ ನೋಡಿ ದಿಕ್ಕು ಹಿಡಿಯುತ್ತಿದ್ದೆವು, ಈಗ ಕಾರ್ಖಾನೆಯ ಗೋಪುರವೇ ಗುರುತು ಎಂದು ನನಗೆ ಹೇಳಿದ್ದರು.

ಆ ಜಾಗ ಮೊದಲಿನಿಂದ ಹಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಈ ಕರಾವಳಿಗೆ ಹೊಸ ಬಂದರು, ವಿಮಾನ ನಿಲ್ದಾಣ, ಎಂಜಿನಿಯರಿಂಗ್ ಕಾಲೇಜು ಬೇಕೆಂದು ದೆಹಲಿಯಲ್ಲಿ ಪಟ್ಟು ಹಿಡಿದು ಕುಳಿತವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. 1960ರಲ್ಲಿ ನಮ್ಮ ಕಾಲೇಜು ಬಂತು. 1965ರಲ್ಲಿ ಅವರು ತೀರಿಕೊಂಡಾಗ ಬಂದರು ಇನ್ನೂ ಪೂರ್ತಿಯಾಗಿರಲಿಲ್ಲ. 1974ರಲ್ಲಿ ಪಣಂಬೂರು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆಯಾಯಿತು. ಗೊಬ್ಬರ ಕಂಪನಿ 1966ರಲ್ಲೇ ನೋಂದಣಿಯಾಗಿತ್ತು. ಉತ್ಪಾದನೆ ಶುರುವಾದದ್ದು 1976ರಲ್ಲಿ. ಇದೆಲ್ಲ ಬರಲು ಜಾಗ ಬೇಕಿತ್ತು. ಬಂದರಿನ ಯೋಜನೆಗೆ ಪಣಂಬೂರು, ಬೈಕಂಪಾಡಿಯ ಕಡೆಯ ಎಷ್ಟೋ ಕುಟುಂಬಗಳು ಗದ್ದೆ, ಮನೆ, ದೈವದ ಕಟ್ಟೆಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಗುಡ್ಡದ ನಿವೇಶನಗಳಿಗೆ ಹೋದವು. ನಮ್ಮ ಹಾಸ್ಟೆಲಿಗೆ ಹಾಲು ತರುತ್ತಿದ್ದವರು ಅಲ್ಲಿಂದಲೇ ಬರುತ್ತಿದ್ದರು. “ನಮ್ಮ ಗದ್ದೆ ಈಗ ಹಡಗು ನಿಲ್ಲುವಲ್ಲಿ ಉಂಟು” ಎಂದು ಅವರು ಹೇಳಿದಾಗ ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಆದರೂ ನನಗೆ ಆ ದಿನ ಹಾಲು ಗಂಟಲಲ್ಲಿ ಇಳಿಯಲಿಲ್ಲ. ಗದ್ದೆ ಬಿಡುವುದೆಂದರೆ ಏನೆಂದು ಒಕ್ಕಲುತನದ ಮನೆಯ ಹುಡುಗನಿಗೆ ಯಾರೂ ವಿವರಿಸಬೇಕಿಲ್ಲ.

ಕಾಲೇಜಿನ ರಜೆಯಲ್ಲಿ ತರಬೇತಿಗೆಂದು ಕಾರ್ಖಾನೆಯ ಒಳಗೆ ಹೋಗುವ ಅವಕಾಶ ಸಿಕ್ಕಿತು. ತಲೆಗೆ ಹೆಲ್ಮೆಟ್, ಕಾಲಿಗೆ ಭಾರದ ಶೂ. ನನ್ನನ್ನು ಕರೆದುಕೊಂಡು ಹೋದ ಆಪರೇಟರ್ ಕುಳಾಯಿಯವರು. ಎಲ್ಲಕ್ಕಿಂತ ಮೊದಲು ಅವರು ತೋರಿಸಿದ್ದು ಯಂತ್ರವನ್ನಲ್ಲ, ಒಂದು ಕಂಬದ ತುದಿಯಲ್ಲಿ ಗಾಳಿಗೆ ಉಬ್ಬಿ ನಿಂತಿದ್ದ ಬಟ್ಟೆಯ ಚೀಲವನ್ನು.

“ನೀವು ಘಟ್ಟದ ಮೇಲಿನವರಲ್ವಾ? ಸರಿ. ಇಲ್ಲಿ ಯಾವಾಗಲೂ ಗಾಳಿ ಯಾವ ಕಡೆಯಿಂದ ಬರ್ತದೆ ನೋಡಿ ಇಟ್ಕೊಳ್ಳಿ. ಅಮೋನಿಯಾ ಬಂತು ಅಂತಾದ್ರೆ ಗಾಳಿಗೆ ಅಡ್ಡ ಓಡ್ಬೇಕು. ಗಾಳಿಯೊಟ್ಟಿಗೆ ಓಡಿದ್ರೆ ಅದೂ ನಿಮ್ಮೊಟ್ಟಿಗೇ ಬರ್ತದೆ ಮಾರಾಯ್ರೆ.”

ಅನೇಕ ವರ್ಷ ಬೇರೆ ರಾಜ್ಯಗಳ ಗೊಬ್ಬರ ಕಾರ್ಖಾನೆಗಳಲ್ಲಿ ದುಡಿದೆ. ಎಲ್ಲಿ ಹೋದರೂ ಗೇಟು ದಾಟಿದೊಡನೆ ನನ್ನ ಕಣ್ಣು ಮೊದಲು ಆ ಬಟ್ಟೆಯ ಚೀಲವನ್ನು ಹುಡುಕುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಪಾಠ ಅದು. ಕಲಿಸಿದವರು ಹೈಸ್ಕೂಲು ಮುಗಿಸಿ ಐ.ಟಿ.ಐ. ಮಾಡಿದ್ದ ಮನುಷ್ಯ.

ನಮ್ಮ ಸುತ್ತಲಿನ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆಂದರೆ, ಸಾರಜನಕದ ಸಾಗರದಲ್ಲಿ ಮುಳುಗಿದ್ದೂ ಪೈರು ಹಸಿದೇ ಇರುತ್ತದೆ. ಶೇಂಗಾ, ಹೆಸರು, ತೊಗರಿಯಂಥ ದ್ವಿದಳ ಬೆಳೆಗಳ ಬೇರಿನ ಗಂಟಿನಲ್ಲಿ ಕೂತಿರುವಂಥ ಕೆಲವು ಸೂಕ್ಷ್ಮಜೀವಿಗಳಿಗೆ ಮಾತ್ರ ಅದನ್ನು ಬಿಡಿಸುವ ವಿದ್ಯೆ ಗೊತ್ತು. ಮನುಷ್ಯ ಅದನ್ನು ಕಲಿತದ್ದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಪ್ರಯೋಗಶಾಲೆಯಲ್ಲಿ ಸಾರಜನಕ, ಜಲಜನಕಗಳನ್ನು ಕೂಡಿಸಿ ಅಮೋನಿಯಾ ಇಳಿಸಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದರು. 1913ರಲ್ಲಿ ಓಪಾವು ಎಂಬಲ್ಲಿ ಮೊದಲ ಕಾರ್ಖಾನೆ ನಡೆಯಿತು. ಅದೇ ಅಮೋನಿಯಾ ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿಗೂ ಹೋಯಿತು. ಇವತ್ತು ಲೋಕದ ಅರ್ಧದಷ್ಟು ಜನರ ತಟ್ಟೆಯ ಅನ್ನ ಆ ವಿದ್ಯೆಯ ಮೇಲೆ ನಿಂತಿದೆ.

ಪಣಂಬೂರಿನಲ್ಲಿ ಜಲಜನಕ ಬರುತ್ತಿದ್ದದ್ದು ನಾಫ್ತಾದಿಂದ. ಕಚ್ಚಾತೈಲ ಶುದ್ಧ ಮಾಡುವಾಗ ಸಿಗುವ ತೆಳ್ಳನೆಯ ದ್ರವ ಅದು. ಮೊದಲು ಅದರೊಳಗಿನ ಗಂಧಕ ತೆಗೆಯಬೇಕು. ಆಮೇಲೆ ಹಬೆಯೊಡನೆ ಬೆರೆಸಿ, ನಿಕ್ಕಲ್ ತುಂಬಿದ ಉದ್ದನೆಯ ಕೊಳವೆಗಳಲ್ಲಿ ಹಾಯಿಸಿ ಒಡೆಯಬೇಕು. ಆ ಕೊಳವೆಗಳು ನಿಂತಿರುವ ಕುಲುಮೆಯ ಗೋಡೆಯಲ್ಲಿ ಅಂಗೈಯಗಲದ ಒಂದು ಕಿಂಡಿ. ಕಪ್ಪು ಗಾಜು ಹಿಡಿದು ನೋಡಲು ಹೇಳಿದರು. ಒಳಗೆ ಸಾಲಾಗಿ ನಿಂತ ಕೊಳವೆಗಳು ಕೆಂಪಗೆ ಕಾದು ಹೊಳೆಯುತ್ತಿದ್ದವು. ಯಾವ ಕೊಳವೆ ಉಳಿದವುಗಳಿಗಿಂತ ಹೆಚ್ಚು ಬೆಳ್ಳಗಾಗಿದೆ, ಯಾವುದರ ಮೇಲೆ ಪಟ್ಟೆ ಬಿದ್ದಿದೆ ಎಂದು ಆಪರೇಟರ್ ಒಂದೇ ನೋಟದಲ್ಲಿ ಹೇಳುತ್ತಿದ್ದರು. ನನಗೆ ಎಲ್ಲವೂ ಒಂದೇ ಕೆಂಪು. ಅಪ್ಪ ಹೊಲದಲ್ಲಿ ನಿಂತು ಇದು ಸಾರಜನಕದ ಕೊರತೆ, ಅದು ನೀರು ನಿಂತ ಹಳದಿ ಎಂದು ಎಲೆಯ ಬಣ್ಣ ಓದುತ್ತಿದ್ದದ್ದು ಆಗ ನೆನಪಾಯಿತು.

ಕಂಟ್ರೋಲ್ ರೂಮಿನಲ್ಲಿ ಆಗಿನ್ನೂ ಕಂಪ್ಯೂಟರಿಲ್ಲ. ಗೋಡೆಯುದ್ದಕ್ಕೂ ಸೂಚಕಗಳು, ಕಾಗದದ ಮೇಲೆ ಬಣ್ಣದ ಮಸಿಯಲ್ಲಿ ಗೆರೆ ಎಳೆಯುತ್ತ ಸಾಗುವ ಪೆನ್ನುಗಳು. ಗಂಟೆಗೊಮ್ಮೆ ಒಬ್ಬರು ಲಾಗ್‌ಶೀಟ್ ಹಿಡಿದು ಒತ್ತಡ, ತಾಪ, ಹರಿವು ಎಂದು ಬರೆಯುತ್ತ ಹೋಗುತ್ತಿದ್ದರು. ಕರಾವಳಿಯ ಆಷಾಢದ ಮಳೆಯಲ್ಲಿ, ಗುಡುಗು ಮಿಂಚಿನ ರಾತ್ರಿಯಲ್ಲಿ, ಕರೆಂಟು ಒಂದು ಕ್ಷಣ ಮಿಟುಕಿದರೂ ಸಾಕು: ಒಂದು ಯಂತ್ರ ‘ಟ್ರಿಪ್’ ಆದರೆ ಅದರ ಹಿಂದೆ ಇನ್ನೊಂದು. ಇಡೀ ಪ್ಲಾಂಟು ನಿಂತರೆ ಮತ್ತೆ ಬಿಸಿ ಏರಿಸಿ, ಒತ್ತಡ ಕಟ್ಟಿ, ಕಾಳು ಉದುರುವ ತನಕ ತರಲು ದಿನಗಳೇ ಬೇಕು. ಆ ಹೊತ್ತಿನಲ್ಲಿ ಶಿಫ್ಟ್ ಮುಗಿದರೂ ಯಾರೂ ಮನೆಗೆ ಹೊರಡುತ್ತಿರಲಿಲ್ಲ. ಯಾರೂ ಹೇಳಿ ನಿಲ್ಲಿಸಿಕೊಂಡದ್ದಲ್ಲ. ಬಿತ್ತನೆಗೆ ಹದ ಬಂದಾಗ ನಮ್ಮೂರಿನವರು ಹೊಲ ಬಿಟ್ಟು ಮನೆಗೆ ಬಾರದಿರುವುದನ್ನು ಕಂಡ ನನಗೆ ಅದು ತೀರ ಪರಿಚಿತ ಶ್ರದ್ಧೆಯಾಗಿತ್ತು.

ಅಮೋನಿಯಾ ತಯಾರಾದ ಮೇಲೆ, ಅದೇ ಪ್ರಕ್ರಿಯೆಯಲ್ಲಿ ಹೊರಬಿದ್ದ ಇಂಗಾಲದ ಡೈ ಆಕ್ಸೈಡನ್ನು ಹಿಡಿದು ತಂದು ಎರಡನ್ನೂ ಒತ್ತಡದಲ್ಲಿ ಕೂಡಿಸುತ್ತಾರೆ. 180 ಡಿಗ್ರಿಗೂ ಮೇಲಿನ ಬಿಸಿ, ವಾತಾವರಣದ ನೂರಾರು ಪಟ್ಟು ಒತ್ತಡ. ಸಿಕ್ಕ ದ್ರಾವಣದಿಂದ ನೀರು ಆರಿಸಿದರೆ ಉಳಿಯುವುದು ಕರಗಿದ ಯೂರಿಯಾ. ಅದನ್ನು ಗೋಪುರದ ನೆತ್ತಿಗೆ ಏರಿಸಿ, ಸಣ್ಣ ತೂತುಗಳಿಂದ ಸೋನೆಯಂತೆ ಕೆಳಗೆ ಬಿಡುತ್ತಾರೆ. ಕೆಳಗಿನಿಂದ ಗಾಳಿ ಮೇಲೇರುತ್ತದೆ. 132 ಡಿಗ್ರಿಯ ಸುಮಾರಿಗೆ ಕರಗುವ ವಸ್ತು ಅದು; ಹನಿ ಬೀಳುತ್ತ ಬೀಳುತ್ತ ತಣಿದು ಗಟ್ಟಿಯಾಗಿ, ನೆಲ ಮುಟ್ಟುವ ಹೊತ್ತಿಗೆ ದುಂಡನೆಯ ಕಾಳು. ಗೋಪುರಕ್ಕೆ ಅಷ್ಟು ಎತ್ತರ ಬೇಕಾದದ್ದು ಇದಕ್ಕೇ. ಎತ್ತರ ಸಾಲದಿದ್ದರೆ ಹನಿ ಹಸಿಯಾಗಿಯೇ ನೆಲಕ್ಕೆ ಬಡಿದು ಮುದ್ದೆಯಾಗುತ್ತದೆ.

ಗೋಪುರದ ಬುಡದಲ್ಲಿ ಬೆಲ್ಟಿನ ಮೇಲೆ ಹರಿದು ಬರುತ್ತಿದ್ದ ಕಾಳನ್ನು ನಾನು ಒಂದು ಹಿಡಿ ತೆಗೆದುಕೊಂಡೆ. ಬೆಚ್ಚಗಿತ್ತು. ನಮ್ಮ ಮನೆಗೆ ಅದು ಬರುವಾಗ ಯಾವಾಗಲೂ ತಣ್ಣಗೆ, ತೇವ ಹಿಡಿದು, ಗಂಟು ಕಟ್ಟಿ ಬಂದಿತ್ತು. ಅವ್ವ ಬಡಿಗೆಯಿಂದ ಕುಟ್ಟಿ ಪುಡಿ ಮಾಡುತ್ತಿದ್ದಳು. ಇಲ್ಲಿ ಸಾಬೂದಾಣಿಯಂತೆ ಒಂದೊಂದೂ ಬಿಡಿ, ಒಂದೊಂದೂ ಬೆಳ್ಳಗೆ. ಬೆವರಿದ ಅಂಗೈಯಲ್ಲಿ ನಾಲ್ಕು ಕಾಳು ಕರಗಿ ಅಲ್ಲಿ ತಂಪು ಹತ್ತಿತು. ನೀರಿನಲ್ಲಿ ಕರಗುವಾಗ ಅದು ಸುತ್ತಲಿನ ಶಾಖ ಹೀರುತ್ತದೆ. ಕೆಂಪಗೆ ಕಾದ ಕುಲುಮೆಯಿಂದ ಹುಟ್ಟಿದ ವಸ್ತು ಕೈಗೆ ತಂಪು ಕೊಡುವುದನ್ನು ಕಂಡು ಮಾತು ಹೊರಡಲಿಲ್ಲ. ಚೀಲ ಹೊಲಿಯುವ ಕಡೆ ಯಂತ್ರ ದಾರ ಎಳೆಯುತ್ತಿತ್ತು. ತೂಕ, ಹೊಲಿಗೆ, ಲಾರಿ. ‘ಮಂಗಳ’ ಎಂಬ ಅಚ್ಚು ಸಾಲುಸಾಲಾಗಿ ಘಟ್ಟದ ಕಡೆ ಹೊರಟಿತ್ತು.

ಕೋರ್ಸು ಮುಗಿಯುವ ವರ್ಷ ಅಪ್ಪ ಮಂಗಳೂರಿಗೆ ಬಂದರು. ಕದ್ರಿಯ ಮಂಜುನಾಥನ ಗುಡಿಗೆ ಕರೆದುಕೊಂಡು ಹೋದೆ. 968ರ ಶಾಸನವಿರುವ ಅಲ್ಲಿನ ಕಂಚಿನ ಲೋಕೇಶ್ವರನ ಮುಂದೆ ಬಹಳ ಹೊತ್ತು ನಿಂತರು. ಬೋಳೂರಿನ ಹೊಳೆಯಂಚಿಗೆ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ನೋಡಿದೆವು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ ತುಂಬ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳನ್ನು ತಲೆಯೆತ್ತಿ ನೋಡಿದೆವು. ಜೆಪ್ಪುವಿನ ಕಡೆ ಹೋದಾಗ, 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಶುರುಮಾಡಿದ್ದು ಇಲ್ಲೇ ಎಂದೆ. “ನಮ್ಮ ಪಡಸಾಲಿ ಹಂಚು ಇಲ್ಲಿಂದ ಬಂದದ್ದಾ?” ಎಂದು ನೆಲ ನೋಡಿದರು. ಎಲ್ಲ ಆದ ಮೇಲೆ ಕೇಳಿದರು: “ಎಲ್ಲಾ ಆತು. ಫ್ಯಾಕ್ಟರಿ ಯಾವಾಗ ತೋರಸ್ತಿ?”

ಒಳಗೆ ಹೋಗಲು ಆಗ ಪಾಸು ಇರಲಿಲ್ಲ. ರಸ್ತೆಯ ಬದಿಯಲ್ಲೇ ನಿಂತೆವು. ಲಾರಿಗಳು ತುಂಬಿಕೊಂಡು ಹೊರಬರುತ್ತಿದ್ದವು. ಹುಬ್ಬಳ್ಳಿ ಕಡೆಯ ಡ್ರೈವರೊಬ್ಬನನ್ನು ಅಪ್ಪ ಮಾತಿಗೆಳೆದು, ಲೋಡು ಎಲ್ಲಿಗೆ, ದಾರಿ ಯಾವುದು, ಚೀಲಕ್ಕೆ ಬಾಡಿಗೆ ಎಷ್ಟು ಬೀಳುತ್ತದೆ ಎಂದೆಲ್ಲ ಕೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

“ಇದಕ್ಕ ಒಳಗ ಏನ ಹಾಕ್ತಾರ?”

“ಗಾಳಿ, ನೀರು, ನಾಫ್ತಾ, ಯಪ್ಪಾ.”

“ಗಾಳಿಗೆ ರೊಕ್ಕಾ ಇಲ್ಲ. ನೀರಿಗೂ ಹಂಗ ಹೆಚ್ಚೇನಿಲ್ಲ. ಮತ್ತ ಚೀಲಕ್ಕ ಯಾಕ ಇಷ್ಟ ರೇಟು?”

ಓದಿ ಬಂದ ಮಗನನ್ನು ಒರೆಗೆ ಹಚ್ಚುವ ಪ್ರಶ್ನೆ ಅದು. ನಿಂತಲ್ಲೇ ಉತ್ತರ ಹೇಳಿದೆ. ಗಾಳಿ ಪುಕ್ಕಟೆ, ಗಾಳಿಯ ಗಂಟು ಬಿಚ್ಚುವ ಬೆಂಕಿ ಪುಕ್ಕಟೆಯಲ್ಲ. ಅರವತ್ತರ ದಶಕದಲ್ಲಿ ದೇಶ ನಾಫ್ತಾ ಆಧಾರಿತ ಕಾರ್ಖಾನೆಗಳನ್ನು ಯೋಜಿಸಿದಾಗ ಶುದ್ಧೀಕರಣಾಗಾರಗಳಲ್ಲಿ ನಾಫ್ತಾ ಅಗ್ಗವಾಗಿ, ಮಿಕ್ಕುವಷ್ಟು ಸಿಗುತ್ತಿತ್ತು. 1973ರಲ್ಲಿ ಕಚ್ಚಾತೈಲದ ಬೆಲೆ ಜಗತ್ತಿನಾದ್ಯಂತ ಹಾರಿತು. ಅಗ್ಗದ ಕಾಲದಲ್ಲಿ ಯೋಚಿಸಿದ ಕಾರ್ಖಾನೆಗಳು ತುಟ್ಟಿಯ ಕಾಲದಲ್ಲಿ ಉತ್ಪಾದನೆ ಶುರುಮಾಡಬೇಕಾಯಿತು. 1977ರಿಂದ ಸರ್ಕಾರ, ತಯಾರಿಕೆಯ ಖರ್ಚಿಗೂ ರೈತ ಕೊಡುವ ಬೆಲೆಗೂ ನಡುವಿನ ಅಂತರವನ್ನು ತಾನೇ ತುಂಬಿಕೊಡುವ ವ್ಯವಸ್ಥೆ ತಂದಿತು. “ಅಂದ್ರ ನಾವು ಕೊಡೂದು ಅರ್ಧಾ, ಉಳದದ್ದು ದೇಶ ಕೊಡತೈತಿ,” ಎಂದು ಅಪ್ಪ ಲೆಕ್ಕ ಹಿಡಿದರು. ಸ್ವಲ್ಪ ಹೊತ್ತು ಗೋಪುರವನ್ನೇ ನೋಡಿ, “ಹಂಗಾರ ಒಂದ ಕಾಳೂ ಹಾಳ ಮಾಡಬಾರದು” ಎಂದರು.

ಊರಿಗೆ ಹೋದ ಮೇಲೆ ಅವರು ಆ ಮಾತನ್ನು ನಡೆಸಿದರು. ಯೂರಿಯಾಕ್ಕೆ ಬೇವಿನ ಹಿಂಡಿ ಬೆರೆಸಿ ಒಂದು ರಾತ್ರಿ ಇಟ್ಟು ಆಮೇಲೆ ಹಾಕುವ ಪದ್ಧತಿಯನ್ನು ಕೃಷಿ ಇಲಾಖೆಯವರು ಆಗ ಹೇಳುತ್ತಿದ್ದರು. ಬೇವು ಬೆರೆತರೆ ಮಣ್ಣಿನಲ್ಲಿ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮಳೆಗೆ ತೊಳೆದು ಹೋಗುವುದು, ಗಾಳಿಗೆ ಹಾರುವುದು ಕಡಿಮೆ. ಅಪ್ಪ ಅದನ್ನು ತಪ್ಪದೆ ಪಾಲಿಸಿದರು. 2015ರಲ್ಲಿ ದೇಶದ ಎಲ್ಲ ಯೂರಿಯಾಕ್ಕೂ ಬೇವಿನ ಲೇಪನ ಕಡ್ಡಾಯವಾದಾಗ ಅವರು ಇರಲಿಲ್ಲ. ಇದ್ದಿದ್ದರೆ ಚೀಲ ಬಿಚ್ಚಿ ಮೂಸಿ ನೋಡಿ ತಲೆದೂಗುತ್ತಿದ್ದರು.

ಆದರೆ ಅಪ್ಪನ ಲೆಕ್ಕ ಎಲ್ಲರ ಲೆಕ್ಕವಾಗಲಿಲ್ಲ. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಮೇಲಿನ ನಿಯಂತ್ರಣ ತೆಗೆದರು, ಯೂರಿಯಾದ್ದನ್ನು ಉಳಿಸಿಕೊಂಡರು. 2010ರ ನಂತರ ಅವುಗಳ ಬೆಲೆಯ ಅಂತರ ಇನ್ನೂ ದೊಡ್ಡದಾಯಿತು. ರಂಜಕವಿರುವ ಡಿಎಪಿ ಚೀಲದ ಬೆಲೆ ಸಾವಿರ ದಾಟಿದಾಗಲೂ ಯೂರಿಯಾ ಮುನ್ನೂರರ ಒಳಗೇ ನಿಂತಿತು. ಇವತ್ತು 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ. ಅಗ್ಗವಿದ್ದದ್ದನ್ನು ಜನ ಹೆಚ್ಚು ಹಾಕಿದರು. ಹೊಲ ಬೇಗ ಕಪ್ಪು ಹಸಿರಾಗುತ್ತದೆ, ಕಣ್ಣಿಗೆ ಸಮಾಧಾನ. ಆದರೆ ಎಲೆ ಮೆತ್ತಗಾಗಿ ಕೀಟ ಹತ್ತುತ್ತದೆ, ಪೈರು ಅಡ್ಡ ಬೀಳುತ್ತದೆ, ಕಾಳು ತುಂಬುವ ಹೊತ್ತಿಗೆ ಪೊಟ್ಯಾಷ್ ಸಾಲುವುದಿಲ್ಲ, ಮಿಕ್ಕ ಸಾರಜನಕ ಬಾವಿಯ ನೀರಿಗೆ ಇಳಿಯುತ್ತದೆ. 2018ರಲ್ಲಿ ಚೀಲವನ್ನು 50 ಕಿಲೋದಿಂದ 45ಕ್ಕೆ ಇಳಿಸಿದ್ದು, ಎಕರೆಗೆ ಇಂತಿಷ್ಟು ಚೀಲ ಎಂದು ಹಾಕುವ ರೈತನ ಕೈಯಿಂದ ಹಾಗಾದರೂ ಸ್ವಲ್ಪ ಕಡಿಮೆ ಬೀಳಲಿ ಎಂಬ ಉದ್ದೇಶದಿಂದ. ಗೋಪುರದಿಂದ ಕಾಳು ಉದುರಿಸುವ ವಿದ್ಯೆಯನ್ನು ನಾವು ಚೆನ್ನಾಗಿ ಕಲಿತೆವು. ಅದನ್ನು ಎಷ್ಟು, ಯಾವಾಗ ಹಾಕಬೇಕೆಂಬ ವಿದ್ಯೆಯನ್ನು ಹೊಲದ ತನಕ ಅಷ್ಟೇ ಶ್ರದ್ಧೆಯಿಂದ ತಲುಪಿಸಲಿಲ್ಲ. ನನ್ನ ವೃತ್ತಿಯವರೆಲ್ಲ ಹೊರಬೇಕಾದ ಹೊಣೆ ಇದು.

ಹಾಗೆಯೇ ಇನ್ನೊಂದು ನೆನಪು, ಬರೆಯುವಾಗ ಇವತ್ತಿಗೂ ಕೈ ತಡೆಯುತ್ತದೆ. 2008ರ ಮುಂಗಾರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಬಿತ್ತನೆಗೆ ಹದ ಬಂದಿತ್ತು, ಗೊಬ್ಬರ ಬಂದಿರಲಿಲ್ಲ. ನಾನು ದೂರದ ರಾಜ್ಯದಲ್ಲಿದ್ದೆ. ತಮ್ಮ ದಿನವೂ ಫೋನಿನಲ್ಲಿ ಪಾಳಿಯ ಸುದ್ದಿ ಹೇಳುತ್ತಿದ್ದ: ಬೆಳಗಿನ ಜಾವ ಚಪ್ಪಲಿ, ಕಲ್ಲು ಇಟ್ಟು ಪಾಳಿ ಹಿಡಿಯುವುದು, ಮಧ್ಯಾಹ್ನ ಸ್ಟಾಕ್ ಇಲ್ಲ ಎಂದು ಬಾಗಿಲು ಹಾಕುವುದು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಆ ರಾತ್ರಿ ನಾನು ಶಿಫ್ಟಿನಲ್ಲಿದ್ದೆ. ಬೆಲ್ಟಿನ ಮೇಲೆ ಕಾಳು ಹರಿಯುತ್ತಲೇ ಇತ್ತು. ಒಂದು ಚೀಲ ಗೊಬ್ಬರಕ್ಕಾಗಿ ನಮ್ಮ ಸೀಮೆಯ ಮನುಷ್ಯ ಜೀವ ಕೊಟ್ಟ ದಿನ, ಕಾರ್ಖಾನೆಯೆಂದರೆ ಗೋಡೆಯೊಳಗಿನ ಯಂತ್ರಗಳಷ್ಟೇ ಎಂಬ ಮಾತನ್ನು ನಾನು ನಂಬುವುದು ಬಿಟ್ಟೆ. ಗೋಪುರದಿಂದ ಉದುರಿದ ಕಾಳು ಹದ ತಪ್ಪುವ ಮುಂಚೆ ಗಿಡದ ಬುಡ ಸೇರಿದರೆ ಮಾತ್ರ ಕಾರ್ಖಾನೆಯ ಕೆಲಸ ಮುಗಿದಂತೆ. ಬಂದರು, ರೈಲು, ಲಾರಿ, ಸೊಸೈಟಿಯ ಕಿಟಕಿ ಎಲ್ಲವೂ ಅದರ ಭಾಗವೇ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಮತ್ತೆ ಮಂಗಳೂರಿಗೆ ಹೋಗಿದ್ದೆ. ಕೆ.ಆರ್.ಇ.ಸಿ. ಎಂಬ ಹೆಸರು ಹೋಗಿ ಎನ್.ಐ.ಟಿ. ಆಗಿದೆ. ಹೆದ್ದಾರಿ ಅಗಲವಾಗಿದೆ. ಗೋಪುರ ಅಲ್ಲೇ ಇದೆ. ಆದರೆ ಅದರ ಹೊಟ್ಟೆಗೆ ಹೋಗುವ ಆಹಾರ ಬದಲಾಗಿದೆ. ದೇಶದಲ್ಲಿ ಕೊನೆಯವರೆಗೂ ನಾಫ್ತಾದಿಂದ ಯೂರಿಯಾ ಮಾಡುತ್ತಿದ್ದ ಮೂರು ಕಾರ್ಖಾನೆಗಳಲ್ಲಿ ಇದೂ ಒಂದು. ಉಳಿದೆರಡು ತಮಿಳುನಾಡಿನ ಮಣಲಿ ಮತ್ತು ತೂತುಕುಡಿಯವು. ಕೊಚ್ಚಿಯಿಂದ ಮಂಗಳೂರಿಗೆ ಬಂದ 450 ಕಿಲೋಮೀಟರ್ ಉದ್ದದ ಅನಿಲ ಕೊಳವೆ 2021ರ ಜನವರಿ 5ರಂದು ಲೋಕಾರ್ಪಣೆಯಾಯಿತು. ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಹೊರಳಿತು. ಅನಿಲದಲ್ಲಿ ಶಕ್ತಿಯ ಖರ್ಚು ಕಡಿಮೆ, ಗಾಳಿಗೆ ಬೀಳುವ ಹೊಲಸೂ ಕಡಿಮೆ. ಇವತ್ತು ಅದರ ಯೂರಿಯಾ ಸಾಮರ್ಥ್ಯ ವರ್ಷಕ್ಕೆ ಸುಮಾರು 3.8 ಲಕ್ಷ ಟನ್. 45 ಕಿಲೋ ಲೆಕ್ಕದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಚೀಲ.

ನೀರಿನ ಮಾತನ್ನೂ ಹೇಳಬೇಕು. ಹಬೆಗೆ, ತಂಪಿಗೆ, ಪ್ರತಿ ಹಂತಕ್ಕೂ ಸಿಹಿನೀರು ಬೇಕು. ಪಕ್ಕದ ಸಮುದ್ರ ಆ ಕೆಲಸಕ್ಕೆ ಬಾರದು. ಈ ಭಾಗದ ಉದ್ಯಮಗಳ ನೀರು ಬರುವುದು ನೇತ್ರಾವತಿಯಿಂದ, ಮಂಗಳೂರಿನ ಮನೆಗಳ ನೀರೂ ಅದರಿಂದಲೇ. 2016ರ ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಕುಡಿಯುವ ನೀರು ಉಳಿಸಲು ಉದ್ಯಮಗಳ ಪಾಲನ್ನು ತಡೆಯಬೇಕಾಯಿತು. ಎಲ್ಲಿಯ ಹೊಳೆ, ಎಲ್ಲಿಯ ಹೊಲ! ಹಾವೇರಿಯಲ್ಲಿ ನಾವು ಹಾಕುವ ಪ್ರತಿ ಕಾಳಿನಲ್ಲಿ ನೇತ್ರಾವತಿಯ ನೀರೂ ಇದೆ ಎಂಬುದನ್ನು ನಮ್ಮ ಕಡೆಯ ರೈತರಿಗೆ ಯಾರೂ ಹೇಳಿಲ್ಲ.

ಮಂಗಳೂರಿನ ಇತಿಹಾಸ ಎಂದರೆ ಜನ ಬತ್ತೇರಿ ತೋರಿಸುತ್ತಾರೆ, ಕದ್ರಿ ತೋರಿಸುತ್ತಾರೆ, ಚಾಪೆಲ್ ತೋರಿಸುತ್ತಾರೆ. ತೋರಿಸಬೇಕಾದದ್ದೇ. ಹಂಚಿನ ಕಾರ್ಖಾನೆಗಳನ್ನು ತೋರಿಸಲು ಮಾತ್ರ ಹೆಚ್ಚೇನೂ ಉಳಿದಿಲ್ಲ. ಹೊಳೆದಂಡೆಯ ಎಷ್ಟೋ ಚಿಮಣಿಗಳು ಬಿದ್ದುಹೋದವು, ಜಾಗದಲ್ಲಿ ಬೇರೆ ಕಟ್ಟಡ ಎದ್ದಿತು. ಮಣ್ಣು ಕಲಸಿದವರು, ಅಚ್ಚು ಒತ್ತಿದವರು, ಆವಿಗೆಯ ಬೆಂಕಿ ಕಾದವರು ಯಾರು, ಅವರ ದಿನ ಹೇಗೆ ಸಾಗುತ್ತಿತ್ತು ಎಂಬುದು ಅವರೊಂದಿಗೇ ಹೋಯಿತು. ದುಡಿಮೆಯ ಜಾಗಗಳನ್ನು ಇತಿಹಾಸವೆಂದು ಎಣಿಸುವ ಅಭ್ಯಾಸ ನಮಗಿಲ್ಲ. ರಾಜ ಕಟ್ಟಿಸಿದ್ದಕ್ಕೆ ಫಲಕ ಹಾಕುತ್ತೇವೆ. ಸಾವಿರಾರು ಜನ ಮೂರು ಶಿಫ್ಟಿನಲ್ಲಿ ಬೆವರು ಹರಿಸಿದ ಜಾಗ ಬಸ್‌ಸ್ಟಾಪಿನ ಹೆಸರಾಗಿ ಮಾತ್ರ ಉಳಿಯುತ್ತದೆ.

ಶ್ರೀರಂಗಪಟ್ಟಣದ ಕಡೆಯ ಇನ್ನೊಂದು ಗೊಬ್ಬರ ಕಾರ್ಖಾನೆಯ ಮಾತು ಇದಕ್ಕಿಂತ ಕಹಿ. 1799ರಲ್ಲಿ ಟಿಪ್ಪು ಬಿದ್ದ ಜಾಗಕ್ಕೆ ಇವತ್ತಿಗೂ ಜನ ಬರುತ್ತಾರೆ. ಅಲ್ಲಿಂದ ಕನ್ನಂಬಾಡಿಯ ಕಡೆ ಹೋಗುವಾಗ ಸಿಗುವ ಬೆಳಗೊಳದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲೇ, ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಎಂಬ ಕಾರ್ಖಾನೆ ಅಮೋನಿಯಂ ಸಲ್ಫೇಟ್ ತಯಾರಿಸುತ್ತಿತ್ತು. ಸ್ವತಂತ್ರ ಭಾರತದ ಹೆಮ್ಮೆಯೆಂದು ಶಾಲಾಪುಸ್ತಕಗಳು ಹೇಳುವ ಸಿಂದ್ರಿ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1951ರಲ್ಲಿ. ಬೆಳಗೊಳ ಅದಕ್ಕಿಂತ ಹಿಂದಿನದು. ಗಾಳಿಯ ಸಾರಜನಕವನ್ನು ಮಣ್ಣಿಗೆ ತರುವ ಕೆಲಸದಲ್ಲಿ ಕನ್ನಡ ನಾಡು ದೇಶಕ್ಕೆ ಮೇಲ್ಪಂಕ್ತಿಯಾಗಿತ್ತು. ನನ್ನ ಕಾಲೇಜಿನ ದಿನಗಳಲ್ಲಿ ಯಾವ ಪಾಠದಲ್ಲೂ ಅದರ ಹೆಸರು ಕೇಳಲಿಲ್ಲ. ಅಲ್ಲಿ ದುಡಿದವರ ಒಂದು ನೆನಪಿನ ಪುಸ್ತಕ ಸಿಕ್ಕೀತೆಂದು ಹುಡುಕಿದೆ. ನನ್ನ ಕೈಗೆ ಸಿಗಲಿಲ್ಲ.

ಪಣಂಬೂರಿಗೆ ಹಾಗಾಗಬಾರದು. 1976ರಲ್ಲಿ ಮೊದಲ ಕಾಳು ಉದುರಿದಾಗ ಅಲ್ಲಿ ನಿಂತಿದ್ದ ಯುವಕರು ಈಗ ಎಪ್ಪತ್ತು ದಾಟಿದ್ದಾರೆ. ಕುಳಾಯಿ, ಸುರತ್ಕಲ್, ಕಾವೂರು, ಕಾಟಿಪಳ್ಳಗಳಲ್ಲಿ ಅವರಿದ್ದಾರೆ. ಗದ್ದೆ ಬಿಟ್ಟುಕೊಟ್ಟವರೂ ಇದ್ದಾರೆ, ಅವರ ಮಕ್ಕಳೂ ಇದ್ದಾರೆ. ಲಾರಿ ಓಡಿಸಿದವರು ಹುಬ್ಬಳ್ಳಿಯಲ್ಲಿದ್ದಾರೆ, ಪಾಳಿ ನಿಂತವರು ಹಾವೇರಿಯಲ್ಲಿದ್ದಾರೆ. ಇವರೆಲ್ಲರ ಮಾತು ಸೇರಿದರೆ ಮಾತ್ರ ಆ ಗೋಪುರದ ಚರಿತ್ರೆ ಪೂರ್ತಿಯಾಗುತ್ತದೆ. ಅದರಲ್ಲಿ ಹೊಗಳಿಕೆಯೊಂದೇ ಇರಬೇಕಿಲ್ಲ. ಕೊಟ್ಟದ್ದು, ಕಿತ್ತುಕೊಂಡದ್ದು, ಬೆಳೆದದ್ದು, ಬತ್ತಿದ್ದು ಎಲ್ಲವೂ ಇರಲಿ.

ಅಲ್ಲಿ ದುಡಿದವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಹಳೆಯ ಲಾಗ್‌ಶೀಟುಗಳನ್ನು ರದ್ದಿಗೆ ಹಾಕಬೇಡಿ. ಶಿಫ್ಟಿನ ಗುಂಪು ಫೋಟೋದ ಹಿಂದೆ ಪ್ರತಿಯೊಬ್ಬರ ಹೆಸರು, ಊರು ಬರೆದಿಡಿ. ಪ್ಲಾಂಟು ಟ್ರಿಪ್ ಆದ ರಾತ್ರಿಯ ಕತೆಯನ್ನು ಮೊಮ್ಮಕ್ಕಳ ಮೊಬೈಲಿನಲ್ಲಾದರೂ ಹೇಳಿ ರೆಕಾರ್ಡ್ ಮಾಡಿಸಿ. ಎನ್.ಐ.ಟಿ.ಯ, ಮಂಗಳೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ, ಬತ್ತೇರಿಗೆ ಹೋದಂತೆಯೇ ಇವರ ಮನೆಗಳಿಗೂ ಹೋಗಿ, ಕೇಳಿ, ಬರೆದುಕೊಳ್ಳಿ. ಐವತ್ತು ವರ್ಷ ಈ ನಾಡಿನ ಹೊಲಗಳಿಗೆ ಅನ್ನದ ಬಲ ಕೊಟ್ಟ ಜಾಗ ಅದು; ಮಂಗಳೂರಿನ ಚರಿತ್ರೆಯಲ್ಲಿ ಅದಕ್ಕೆ ಒಂದು ಅಧ್ಯಾಯ ಸಲ್ಲಬೇಕು. ಬರೆಯಬಲ್ಲವರು ಬದುಕಿರುವಾಗಲೇ ಅದನ್ನು ಬರೆಯೋಣ.